ಮಾತ್ರೆ ಇಲ್ಲದ ಮಂಗಳವಾರ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಾನು ನಮ್ಮೂರ ಹಾಲು ಉತ್ಪಾದಕರ ಸಂಘದಲ್ಲಿ ಲೆಕ್ಕ ಬರೆಯುವವಳು. ತೆಂಗಿನ ಸೀಮೆ ನಮ್ಮದು. ಊರು ಯಾವುದು, ತಾಲೂಕು ಯಾವುದು ಅಂತ ಇಲ್ಲಿ ಹೇಳುವುದಿಲ್ಲ. ಹೇಳಿದರೆ ಏನಾಗುತ್ತದೆ ಅಂತ ಗೊತ್ತು. ಔಷಧಿ ಕೊಡುವ ಕಿಟಕಿಯ ಹಿಂದೆ ಕೂತ ಹುಡುಗನಿಗೆ ಒಂದು ನೋಟಿಸು ಹೋಗುತ್ತದೆ, ಅಲ್ಲಿಗೆ ಫೈಲು ಮುಚ್ಚುತ್ತದೆ. ಅವನದು ಏನೂ ತಪ್ಪಿಲ್ಲ. ಪ್ರತಿ ಸಲವೂ ಮುಖ ಸಣ್ಣದು ಮಾಡಿಕೊಂಡೇ "ಸ್ಟಾಕ್ ಇಲ್ಲ ಅಕ್ಕ" ಅನ್ನುತ್ತಾನೆ.

ಸ್ಟಾಕ್ ಇಲ್ಲದ್ದು ರಿಸ್ಪೆರಿಡೋನ್. ನನ್ನ ತಮ್ಮ ದಿನಾ ರಾತ್ರಿ ಊಟ ಆದ ಮೇಲೆ ನುಂಗುವ ಮಾತ್ರೆ. ಅವನಿಗೀಗ 41 ವರ್ಷ. ಸ್ಕಿಜೋಫ್ರೇನಿಯಾ, ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಕಾಯಿಲೆ, ಶುರುವಾದಾಗ 22. ಪುಸ್ತಕಗಳಲ್ಲಿ ಇದಕ್ಕೆ ಚಿತ್ತವಿಕಲತೆ ಅಂತ ಬರೆಯುತ್ತಾರೆ. ಊರಲ್ಲಿ ಮೊದಲು ಗಾಳಿ ಅಂದರು, ಆಮೇಲೆ ಮಾಟ ಅಂದರು, ಕೊನೆಗೆ ತಲೆ ಕೆಟ್ಟವನು ಅಂತ ಹೇಳಿ ಸುಮ್ಮನಾದರು.

ನಮ್ಮ ಅಡುಗೆಮನೆ ಗೋಡೆಗೆ ಒಂದು ಕ್ಯಾಲೆಂಡರ್ ನೇತು ಹಾಕಿದ್ದೇನೆ. ಹಾಲಿನ ಲೆಕ್ಕ ಬರೆಯಲಿ ಅಂತ ಸಂಘದಲ್ಲಿ ಕೊಟ್ಟಿದ್ದು. ನಾನು ಅದರಲ್ಲಿ ಕಾಯಿ ಲೆಕ್ಕ ಬರೆಯುತ್ತೇನೆ. ತಮ್ಮ ಒಬ್ಬ ವ್ಯಾಪಾರಿಯ ಹತ್ತಿರ ತೆಂಗಿನಕಾಯಿ ಸುಲಿಯಲು ಹೋಗುತ್ತಾನೆ. ಕೈ ಪಳಗಿದವರು ದಿನಕ್ಕೆ ಸಾವಿರದವರೆಗೂ ಸುಲಿಯುತ್ತಾರೆ. ಇವನು ಚೆನ್ನಾಗಿದ್ದ ದಿನ 400. ಸಾಯಂಕಾಲ ಕೈಕಾಲು ತೊಳೆದು ಬಂದು "ಮುನ್ನೂರ ತೊಂಬತ್ತು" ಅಂತ ಹೇಳುತ್ತಾನೆ. ನಾನು ಆ ದಿನದ ಚೌಕದಲ್ಲಿ ಬರೆಯುತ್ತೇನೆ. ಡಾಕ್ಟರು ಕೇಳುವ "ಹೇಗಿದ್ದಾನೆ?" ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ.

ಹೋದ ವರ್ಷದ ಕ್ಯಾಲೆಂಡರನ್ನು ನಾನು ಎಸೆದಿಲ್ಲ. ಆಷಾಢದ ಹಾಳೆಯಲ್ಲಿ 410, 380, 400 ಅಂತ ಸಾಲಾಗಿ ಇದೆ. ಆಮೇಲೆ 260. ಆಮೇಲೆ 90. ಆಮೇಲೆ ಚೌಕಗಳು ಖಾಲಿ. ದಸರಾ ತನಕ ಖಾಲಿ.

ಆ ತಿಂಗಳು ಆಸ್ಪತ್ರೆಯಲ್ಲಿ ಸಾಲಾಗಿ ಮೂರು ಮಂಗಳವಾರ ಮಾತ್ರೆ ಇರಲಿಲ್ಲ. ಮಂಗಳವಾರ ಯಾಕೆ ಅಂತ ನಿಮಗೆ ಗೊತ್ತು, ಓದುವ ಬೇರೆಯವರಿಗಾಗಿ ಹೇಳುತ್ತೇನೆ. 2014ರಲ್ಲಿ ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಕಾರ್ಯಕ್ರಮ ಶುರುವಾಯಿತು. ಮನೋವೈದ್ಯರು ಮಂಗಳವಾರದ ದಿನ ತಾಲೂಕು ಆಸ್ಪತ್ರೆಗೆ ಬರುತ್ತಾರೆ. ನಮ್ಮಂಥವರಿಗೆ ಅದು ದೊಡ್ಡ ಉಪಕಾರ. ಅದಕ್ಕೂ ಮುಂಚೆ ಒಂದು ಚೀಟಿ ಬರೆಸಲು ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ, ಬೆಳಗಿನ ಜಾವ ನಿಮ್ಹಾನ್ಸ್ ಮುಂದೆ ಸಾಲಲ್ಲಿ ನಿಂತವರು ನಾವು. ಈಗ 34 ಕಿಲೋಮೀಟರ್. ನನಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ, ತಮ್ಮನಿಗೆ ಮಾತ್ರ ತೆಗೆಯಬೇಕು. ಡಾಕ್ಟರು ಬರುತ್ತಾರೆ, ಚೆನ್ನಾಗಿ ಮಾತಾಡಿಸುತ್ತಾರೆ, ಚೀಟಿ ಬರೆಯುತ್ತಾರೆ. ಆ ಚೀಟಿ ಹಿಡಿದುಕೊಂಡು ಕಿಟಕಿಗೆ ಹೋದರೆ ಅಲ್ಲಿ ಮುಗಿಯಿತು.

"ಅಷ್ಟೇನೂ ದುಬಾರಿ ಮಾತ್ರೆ ಅಲ್ವಲ್ಲಮ್ಮ, ಹೊರಗಡೆ ತಗೋಬಾರದಿತ್ತಾ?" ಅಂತ ನನ್ನನ್ನು ಹಲವರು ಕೇಳಿದ್ದಾರೆ. ತಗೊಂಡೆ. ಹತ್ತು ಮಾತ್ರೆ ತಗೊಂಡೆ, ಮುಂದಿನ ವಾರ ಬರುತ್ತೆ ಅಂದಿದ್ದರಲ್ಲ ಅಂತ. ಮುಂದಿನ ವಾರ ಬರಲಿಲ್ಲ. ನಮ್ಮ ಹೋಬಳಿಯ ಮೆಡಿಕಲ್ ಸ್ಟೋರಿನಲ್ಲಿ ಈ ಮಾತ್ರೆ ಇಡುವುದಿಲ್ಲ, ಕೇಳುವವರು ಕಡಿಮೆ. ತಾಲೂಕಿನಲ್ಲಿ ಇದ್ದ ಒಂದು ಅಂಗಡಿಯವರು ಹೊಸ ಚೀಟಿ ತನ್ನಿ ಅಂದರು. ಇದೆಲ್ಲ ಓಡಾಟದ ನಡುವೆ ತಮ್ಮ ಹೇಳಿದ, "ಮಾತ್ರೆ ಇಲ್ದೇನೂ ಚೆನ್ನಾಗೇ ಇದೀನಲ್ಲಕ್ಕ, ಬೇಡ ಬಿಡು." ಈ ಕಾಯಿಲೆ ಹತ್ತಿರದಿಂದ ನೋಡಿದವರಿಗೆ ಈ ಮಾತು ಕೇಳಿದರೆ ಎದೆ ಧಸಕ್ಕನ್ನುತ್ತದೆ. ಆ ಮಾತಿನ ನಂತರ ಮಾತ್ರೆ ಸಿಕ್ಕರೂ ಉಪಯೋಗ ಇಲ್ಲ. ಅವನು ನುಂಗುವುದಿಲ್ಲ.

ಮೊದಲು ನಿದ್ದೆ ಹೋಯಿತು. ಆಮೇಲೆ ಕಾಫಿ ಲೋಟಕ್ಕೆ ತಟ್ಟೆ ಮುಚ್ಚಲು ಶುರು ಮಾಡಿದ. ನಾನು ಕೊಟ್ಟ ಕಾಫಿಗೆ. ಒಂದು ಗುಟುಕು ಕುಡಿದು ಮುಚ್ಚುವುದು, ಮತ್ತೆ ತೆಗೆದು ಮೂಸಿ ನೋಡುವುದು. 19 ವರ್ಷ ಅನ್ನ ಹಾಕಿದ ಅಕ್ಕ ವಿಷ ಹಾಕುತ್ತಾಳೆ ಅಂತ ಅವನ ತಲೆಯೊಳಗೆ ಯಾರೋ ಹೇಳುತ್ತಿದ್ದರು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಕೊನೆಗೆ ಜಿಲ್ಲಾ ಆಸ್ಪತ್ರೆಯಲ್ಲಿ 23 ದಿನ ಇದ್ದು ಬಂದೆವು.

ನಾನು ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಇದು ನಮ್ಮ ಮನೆಯ ಹಣೆಬರಹ ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ. ಹಣೆಬರಹ ಅಲ್ಲ. ಇದು ಲೆಕ್ಕ. ಹೀಗೇ ಆಗುತ್ತದೆ ಅಂತ ಮೊದಲೇ ಗೊತ್ತಿದ್ದ ಲೆಕ್ಕ.

ನನ್ನ ಮಗಳು ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ಮಾಮನ ಕಾಯಿಲೆ ಬಗ್ಗೆ ಇಂಗ್ಲಿಷಿನಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತಾಳೆ, ರಜೆಗೆ ಬಂದಾಗ ನನಗೆ ಹೇಳುತ್ತಾಳೆ. ನಾನು ಸಂಘದ ಹಳೇ ಲೆಡ್ಜರಿನ ಹಿಂದೆ ಬರೆದುಕೊಳ್ಳುತ್ತೇನೆ. ಅವಳು ಮೊದಲು ಹೇಳಿದ್ದು 2012ರಲ್ಲಿ ಇಂಗ್ಲೆಂಡಿನ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಒಂದು ಲೆಕ್ಕ. ಜರ್ಮನಿಯ ವೈದ್ಯರೊಬ್ಬರು ಜೊತೆಗಾರರೊಂದಿಗೆ ಸೇರಿ, ರೋಗಿಗಳ ಮೇಲೆ ಔಷಧಿ ಪರೀಕ್ಷಿಸಿ ನೋಡಿದ 65 ಟ್ರಯಲ್‌ಗಳನ್ನು ಒಟ್ಟುಗೂಡಿಸಿದರು, ಸುಮಾರು 6,500 ರೋಗಿಗಳು. ಕಾಯಿಲೆ ಹತೋಟಿಗೆ ಬಂದ ಮೇಲೂ ಮಾತ್ರೆ ಮುಂದುವರಿಸಿದವರಲ್ಲಿ ಹೆಚ್ಚುಕಮ್ಮಿ ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ನೂರಕ್ಕೆ 27 ಜನಕ್ಕೆ. ಅದರ ಬದಲು ಔಷಧಿ ಇಲ್ಲದ ಮಾತ್ರೆ ಕೊಟ್ಟವರಲ್ಲಿ ನೂರಕ್ಕೆ 64 ಜನಕ್ಕೆ. ನಾನು ದಿನಾ ಹಾಲಿನ ಫ್ಯಾಟ್ ನೋಡಿ ಲೀಟರಿಗೆ ಇಷ್ಟು ಅಂತ ರೇಟು ಹಾಕುವವಳು. ಅಂಕಿಯ ವ್ಯತ್ಯಾಸ ನನಗೆ ಅರ್ಥ ಆಗುತ್ತದೆ. 27 ಎಲ್ಲಿ, 64 ಎಲ್ಲಿ.

ಹಾಗಂತ ಮಾತ್ರೆಯನ್ನು ನಾನು ದೇವರ ಪ್ರಸಾದ ಅಂತ ಹೊಗಳುತ್ತಿಲ್ಲ. ಅದು ತಮ್ಮನಿಗೆ ಏನು ಮಾಡಿದೆ ಅಂತ ದಿನಾ ನೋಡುತ್ತೇನೆ. ಬೆಳಿಗ್ಗೆ ಒಂಬತ್ತರ ತನಕ ಮಂಪರು. ಬೆರಳು ನಡುಗುತ್ತದೆ, ಅದಕ್ಕೆ ಇನ್ನೊಂದು ಮಾತ್ರೆ, ಟ್ರೈಹೆಕ್ಸಿಫೆನಿಡಿಲ್. ಒಂದು ಸಲ ಕಿಟಕಿಯಲ್ಲಿ ರಿಸ್ಪೆರಿಡೋನ್ ಇತ್ತು, ನಡುಕದ ಮಾತ್ರೆ ಇರಲಿಲ್ಲ. ಆ ತಿಂಗಳು ಅವನು ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕುಡಿದ, ಚಿಕ್ಕ ಮಕ್ಕಳ ಹಾಗೆ. ಹೊಟ್ಟೆ ಬಂದಿದೆ. ಹಸಿವು ಜಾಸ್ತಿ. ಮಾತ್ರೆ ಬಿಟ್ಟರೆ ಒಳ್ಳೆಯದಲ್ವಾ ಅಂತ ನನಗೂ ಎಷ್ಟೋ ಸಲ ಅನ್ನಿಸಿದೆ.

ಅದನ್ನೂ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಇಂಗ್ಲೆಂಡಿನಲ್ಲಿ ರೇಡಾರ್ ಅಂತ ಒಂದು ಟ್ರಯಲ್ ನಡೆಯಿತು, 2023ರಲ್ಲಿ ಫಲಿತಾಂಶ ಬಂತು. 253 ಜನ. ಅರ್ಧ ಜನಕ್ಕೆ ಮಾತ್ರೆ ಮಾಮೂಲಿನಂತೆ. ಇನ್ನರ್ಧ ಜನಕ್ಕೆ ವೈದ್ಯರು ಕಣ್ಣಿಟ್ಟುಕೊಂಡು, ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದರು. ಕಷ್ಟ ಆದರೆ ಮತ್ತೆ ಏರಿಸುವ ಸ್ವಾತಂತ್ರ್ಯವೂ ಇತ್ತು. ಇಳಿಸಿದರೆ ಜನ ಹೆಚ್ಚು ಲವಲವಿಕೆಯಿಂದ ಓಡಾಡಬಹುದು, ಬೆರೆಯಬಹುದು ಅನ್ನುವ ಆಸೆ ಅವರದು. ಎರಡು ವರ್ಷದ ಮೇಲೆ ನೋಡಿದರೆ ಆ ವಿಷಯದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಆದರೆ ಗಂಭೀರವಾಗಿ ಕಾಯಿಲೆ ಮರುಕಳಿಸಿದ್ದು ಮಾಮೂಲಿ ಗುಂಪಿನಲ್ಲಿ ನೂರಕ್ಕೆ 13, ಇಳಿಸಿದ ಗುಂಪಿನಲ್ಲಿ 25.

ಇದನ್ನು ಮಗಳು ಓದಿ ಹೇಳಿದಾಗ ನನಗೆ ನಗು ಬಂತು, ಅಂಥಾ ಸಂಕಟದ ನಗು. ಅಷ್ಟು ಜೋಪಾನವಾಗಿ, ದೊಡ್ಡ ವೈದ್ಯರ ಉಸ್ತುವಾರಿಯಲ್ಲಿ ಇಳಿಸಿದರೇ ಮರುಕಳಿಸುವುದು ಎರಡರಷ್ಟಾಯಿತು. ನಮ್ಮಲ್ಲಿ ಒಂದೇ ಮಂಗಳವಾರದಲ್ಲಿ ಸೊನ್ನೆಗೆ ಇಳಿಸುತ್ತೇವೆ. ಯಾರ ಉಸ್ತುವಾರಿಯೂ ಇಲ್ಲ. ಎಷ್ಟು ಜನಕ್ಕೆ ಮರುಕಳಿಸಿತು ಅಂತ ಯಾರೂ ಬರೆದುಕೊಳ್ಳುವುದೂ ಇಲ್ಲ. ಸಚಿವರೇ, ಸ್ಟಾಕ್ ಇಲ್ಲ ಅನ್ನುವುದು ಸರಬರಾಜಿನ ಸಣ್ಣ ತೊಡಕು ಅಂತ ನಿಮ್ಮ ಇಲಾಖೆಯ ಕಾಗದದಲ್ಲಿ ಇರಬಹುದು. ನಮ್ಮ ಕಾಯಿಲೆಯ ಮಟ್ಟಿಗೆ ಅದು ಚಿಕಿತ್ಸೆಯನ್ನೇ ಬದಲಾಯಿಸಿದ ಹಾಗೆ. ಯಾವ ಡಾಕ್ಟರೂ ಬರೆಯದ ಚೀಟಿ ಅದು.

ರೇಡಾರ್ ನಡೆಸಿದವರು ಜೊಆನ್ನಾ ಮಾನ್‌ಕ್ರೀಫ್ ಅನ್ನುವ ವೈದ್ಯೆ. ಅವರದೇ ಇನ್ನೊಂದು ಅಧ್ಯಯನ ನಮ್ಮ ಮನೆಗೆ ಬೇರೆ ದಾರಿಯಲ್ಲಿ ಬಂತು. 2022ರಲ್ಲಿ ಅವರು, ಜೊತೆಗಾರರು ಹಳೆಯ ಸಂಶೋಧನೆಗಳನ್ನೆಲ್ಲ ಜಾಲಾಡಿ, ಮೆದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಕಡಿಮೆ ಆಗಿ ಖಿನ್ನತೆ ಬರುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ ಅಂದರು. ಅದು ವಾಟ್ಸಾಪ್‌ಗೆ ಬರುವಷ್ಟರಲ್ಲಿ "ಮನಸ್ಸಿನ ಕಾಯಿಲೆಯ ಮಾತ್ರೆಗಳೆಲ್ಲ ಮೋಸ" ಅಂತ ಆಗಿತ್ತು. ನಮ್ಮ ದೊಡ್ಡಪ್ಪನ ಮಗ ಅದನ್ನು ಕಳಿಸಿ, ಮೇಲೆ ಫೋನೂ ಮಾಡಿ, "ನೋಡು, ವಿದೇಶದವರೇ ಹೇಳಿದಾರೆ, ಅವನಿಗೆ ಮಾತ್ರೆ ಬಿಡಿಸಿ ಯೋಗಕ್ಕೆ ಹಾಕು" ಅಂದ. ಆ ಅಧ್ಯಯನ ಖಿನ್ನತೆಯ ಬಗ್ಗೆ, ತಮ್ಮನ ಕಾಯಿಲೆಯ ಬಗ್ಗೆ ಅಲ್ಲ. ಖಿನ್ನತೆಗೂ ಅದು ಹೇಳಿದ್ದು ಕಾರಣದ ಬಗ್ಗೆ. ಮಾತ್ರೆ ಕೆಲಸ ಮಾಡುತ್ತದೋ ಇಲ್ಲವೋ ಅಂತ ಅದು ಅಳೆದಿರಲಿಲ್ಲ. ಜ್ವರಕ್ಕೆ ಪ್ಯಾರಸಿಟಮಾಲ್ ಕೊಡುತ್ತೇವೆ, ಮೈಯಲ್ಲಿ ಪ್ಯಾರಸಿಟಮಾಲ್ ಕಡಿಮೆ ಆಗಿ ಜ್ವರ ಬಂತು ಅಂತಲ್ಲವಲ್ಲ. ಅಣ್ಣನಿಗೆ ಇದನ್ನು ಹೇಳಲು ನನಗೆ ಮಗಳು ಇದ್ದಳು. ಮಗಳು ಇಲ್ಲದ ಮನೆಯವರು ಏನು ಮಾಡಬೇಕು? ನಿಮ್ಮ ಇಲಾಖೆ ಡೆಂಗಿಗೆ ಗೋಡೆ ತುಂಬಾ ಬರೆಸುತ್ತದೆ. ಹೊಸ ಸಂಶೋಧನೆ ಏನು ಹೇಳಿದೆ, ಏನು ಹೇಳಿಲ್ಲ ಅಂತ ತಿಂಗಳಿಗೊಂದು ಪುಟ ಕನ್ನಡದಲ್ಲಿ ಬರೆಸಿ ಆಶಾ ಕಾರ್ಯಕರ್ತೆಯರ ಫೋನಿಗೆ ಕಳಿಸಿದರೆ ಸಾಕು, ವಾಟ್ಸಾಪಿಗೆ ವಾಟ್ಸಾಪಿನಲ್ಲೇ ಉತ್ತರ.

ಹೊಸ ಔಷಧಿಯ ಸುದ್ದಿಯೂ ಬಂತು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಕೋಬೆನ್ಫಿ ಅನ್ನುವ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. 1950ರ ದಶಕದಿಂದ ಈ ಕಾಯಿಲೆಗೆ ಬಂದ ಔಷಧಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಬಾಗಿಲು ತಟ್ಟುತ್ತಿದ್ದವು, ಮೆದುಳಿನ ಡೋಪಮಿನ್ ಅನ್ನುವ ರಾಸಾಯನಿಕ. ಇದು ಮಸ್ಕರಿನಿಕ್ ಅನ್ನುವ ಬೇರೆ ಬಾಗಿಲು ತಟ್ಟುತ್ತದೆ. ನಡುಕ, ತೂಕ ಏರುವುದು ಕಡಿಮೆಯಂತೆ, ವಾಕರಿಕೆ ಜಾಸ್ತಿಯಂತೆ. ಮಗಳು ಖುಷಿಯಿಂದ ಓದಿದಳು. ನನಗೂ ಆಸೆ ಆಯಿತು. ಆಮೇಲೆ ಎರಡು ವಿಷಯ ಬರೆದುಕೊಂಡೆ. ಒಪ್ಪಿಗೆ ಸಿಕ್ಕ ಮುಖ್ಯ ಟ್ರಯಲ್‌ಗಳು ನಡೆದದ್ದು ಐದು ವಾರ. ತಮ್ಮನ ಕಾಯಿಲೆಗೆ 19 ವರ್ಷ. ಒಪ್ಪಿಗೆ ಸಿಕ್ಕಾಗ ಬೆಲೆ ಅಲ್ಲಿ ತಿಂಗಳಿಗೆ 1,850 ಡಾಲರ್ ಇತ್ತು, ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಹಳೇ ಮಾತ್ರೆಯ ಜೊತೆ ಇದನ್ನೂ ಸೇರಿಸಿ ಕೊಟ್ಟು ನೋಡಿದ ಇನ್ನೊಂದು ಟ್ರಯಲ್, 2025ರ ಏಪ್ರಿಲ್‌ನಲ್ಲಿ ಬಂದದ್ದು, ಅಂದುಕೊಂಡಷ್ಟು ಗಟ್ಟಿ ಫಲ ಕೊಡಲಿಲ್ಲ. ಒಂದು ದಿನ ಅಗ್ಗ ಆಗಿ ನಮ್ಮೂರಿಗೂ ಬರಲಿ. ಬಂದ ದಿನ ಆ ಕಿಟಕಿಯಲ್ಲಿ ಅದಕ್ಕೂ ಸ್ಟಾಕ್ ಇರಬೇಕಲ್ಲ.

ಇಷ್ಟೆಲ್ಲ ಹೊರದೇಶದ ಮಾತಾಯಿತು. ನನಗೆ ನಿಜಕ್ಕೂ ಬೇಜಾರಾಗಿದ್ದು ನಮ್ಮ ನೆಲದ ಸಂಶೋಧನೆ ಓದಿದಾಗ.

ನಿಮ್ಹಾನ್ಸ್‌ನವರು ಆನೇಕಲ್ ಕಡೆಯ ಸಕಲವಾರದಲ್ಲಿ 1975ರ ಹೊತ್ತಿಗೇ ಹಳ್ಳಿಯಲ್ಲಿ ಮನೋವೈದ್ಯಕೀಯ ಹೇಗೆ ಮಾಡಬಹುದು ಅಂತ ಶುರು ಮಾಡಿದ್ದರು. 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನೇ ತೆಗೆದುಕೊಂಡರು. ಮನೋವೈದ್ಯರನ್ನು ಕಾಯದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಮಾಮೂಲಿ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅಲ್ಲೇ ಔಷಧಿ ಕೊಡಿಸಿದರು. ಆ ಬಳ್ಳಾರಿ ಮಾದರಿಯನ್ನು ನೋಡಿಯೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅಂದರೆ ಡೆಲ್ಲಿಯವರು ನಮ್ಮನ್ನು ನೋಡಿ ಕಲಿತರು.

ಆಮೇಲೆ ತೀರ್ಥಹಳ್ಳಿ. 2005ರಿಂದ ನಿಮ್ಹಾನ್ಸ್‌ನ ತಂಡ ಆ ತಾಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿಕೊಂಡು ಮನೆ ಮನೆಗೆ ಹೋಯಿತು. ತಂಡದಲ್ಲಿದ್ದ ಡಾಕ್ಟರ ಹೆಸರಿನಲ್ಲೇ ಆ ಊರಿದೆ, ಡಾ. ಜಗದೀಶ ತೀರ್ಥಹಳ್ಳಿ. ಮಾತ್ರೆ ಶುರು ಮಾಡಿದರು, ಬಿಟ್ಟವರ ಮನೆಗೆ ಮತ್ತೆ ಹೋದರು, ಮನೆಯವರ ಜೊತೆ ಕೂತು ಮಾತಾಡಿದರು. ಕೆಲವರು ನಾನಾ ಕಾರಣಕ್ಕೆ ಮಾತ್ರೆ ಇಲ್ಲದೇ ಉಳಿದರು. ಒಂದು ವರ್ಷದ ನಂತರ ಎರಡೂ ಗುಂಪನ್ನು ಅಳೆದರು. ಅಳೆದದ್ದು ದನಿ ಕೇಳಿಸುತ್ತದಾ ಇಲ್ಲವಾ ಅಂತಲ್ಲ. ತನ್ನ ಸ್ನಾನ, ಬಟ್ಟೆ ತಾನೇ ನೋಡಿಕೊಳ್ಳುತ್ತಾನಾ, ಜನರ ಜೊತೆ ಬೆರೆಯುತ್ತಾನಾ, ಮಾತಾಡುತ್ತಾನಾ, ಕೆಲಸ ಮಾಡುತ್ತಾನಾ ಅಂತ. 2009ರಲ್ಲಿ ಅದನ್ನು ಪ್ರಕಟಿಸಿದರು. ಮಾತ್ರೆ ತಗೊಂಡವರ ಅಸಾಮರ್ಥ್ಯ ಚೆನ್ನಾಗಿ ಇಳಿದಿತ್ತು. ತಗೊಳ್ಳದವರದು ಇದ್ದಲ್ಲೇ ಇತ್ತು. ಇದನ್ನು ಓದಿದಾಗ ನನ್ನ ಕ್ಯಾಲೆಂಡರ್ ನೆನಪಾಯಿತು. ಅವರು ಅಂಕ ಹಾಕಿ ಅಳೆದದ್ದನ್ನೇ ನಾನು ತೆಂಗಿನಕಾಯಿಯಲ್ಲಿ ಅಳೆಯುತ್ತಿದ್ದೆ.

ಮುಂದೆ ತುರುವೇಕೆರೆ ತಾಲೂಕಿನಲ್ಲೂ ಇದೇ ಥರದ ಕೆಲಸ ಶುರುವಾಯಿತು. ಇನ್ನು 2014ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಕಾಪ್ಸಿ ಅನ್ನುವ ಟ್ರಯಲ್ ಇದೆ. ಗೋವಾ, ಮಹಾರಾಷ್ಟ್ರದ ಸಾತಾರಾ, ತಮಿಳುನಾಡಿನ ಕಾಂಚೀಪುರಂ ಕಡೆ 282 ಜನ ಸ್ಕಿಜೋಫ್ರೇನಿಯಾ ರೋಗಿಗಳು. ಕೆಲವರಿಗೆ ಆಸ್ಪತ್ರೆಯ ಚಿಕಿತ್ಸೆ ಅಷ್ಟೇ. ಉಳಿದವರಿಗೆ ಅದರ ಜೊತೆಗೆ ಮನೆಗೆ ಬರುವ ಕಾರ್ಯಕರ್ತರು, ಡಾಕ್ಟರಲ್ಲ, ಊರಿನಲ್ಲೇ ಆರಿಸಿ ತರಬೇತಿ ಕೊಟ್ಟವರು. ಮನೆಗೆ ಬಂದು ಹೋಗುತ್ತಿದ್ದವರ ಗುಂಪು ಸ್ವಲ್ಪ ಹೆಚ್ಚು ಚೇತರಿಸಿಕೊಂಡಿತು. ಸ್ವಲ್ಪ ಅಂತ ಅವರೇ ಪ್ರಾಮಾಣಿಕವಾಗಿ ಹೇಳಿದ್ದಾರೆ, ಪವಾಡ ಅಂದಿಲ್ಲ. ಖಿನ್ನತೆಯಲ್ಲಿ ಫಲ ಇನ್ನೂ ಎದ್ದು ಕಾಣುತ್ತದೆ. ಗೋವಾದಲ್ಲೇ ಸಂಗತ್ ಸಂಸ್ಥೆಯವರು ಡಿಗ್ರಿ ಇಲ್ಲದ ಆಪ್ತಸಮಾಲೋಚಕರಿಂದ ಆರರಿಂದ ಎಂಟು ಸಲ ಮಾತಾಡಿಸಿದರು. ಮೂರು ತಿಂಗಳಲ್ಲಿ ಆ ಗುಂಪಿನ ನೂರಕ್ಕೆ 64 ಜನರ ಖಿನ್ನತೆ ಹತೋಟಿಗೆ ಬಂತು, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ 39. ಅದು 2017ರಲ್ಲಿ ಪ್ರಕಟವಾಯಿತು.

ಗುಡಿ ಬಗ್ಗೆಯೂ ಒಂದು ಮಾತು. ನೀವು ಹಳ್ಳಿಯವರು ಗುಡಿಗೆ, ದರ್ಗಾಕ್ಕೆ ಹೋಗಿ ಕಾಲ ಕಳೆಯುತ್ತೀರಿ ಅಂತ ಬೈಯುವವರು ಇದ್ದಾರೆ. ನಾವೂ ಹೋಗಿದ್ದೆವು, ಆರು ವಾರ ಒಂದು ದೇವಸ್ಥಾನದ ಜಗಲಿಯಲ್ಲಿ ಇದ್ದೆವು. ತಮ್ಮ ಅಲ್ಲಿ ಸ್ವಲ್ಪ ಸಮಾಧಾನವಾಗಿಯೂ ಇದ್ದ. ಯಾರೂ ಅವನನ್ನು ಕೆಲಸ ಕೇಳುತ್ತಿರಲಿಲ್ಲ, ಕಸ ಗುಡಿಸಿದರೆ ಊಟ, ಸುಮ್ನೆ ಕೂತರೂ ಊಟ. ತಮಿಳುನಾಡಿನ ಒಂದು ಗುಡಿಯಲ್ಲಿ ಹೀಗೆ ತಂಗಿದ್ದ 31 ಜನರನ್ನು ನಿಮ್ಹಾನ್ಸ್ ವೈದ್ಯರೇ ಪರೀಕ್ಷಿಸಿ, ಅವರ ತೊಂದರೆ ಸುಮಾರು ನೂರಕ್ಕೆ 20ರಷ್ಟು ಇಳಿದಿತ್ತು ಅಂತ 2002ರಲ್ಲಿ ಬರೆದಿದ್ದಾರೆ. ಆದರೆ ಅದೇ ತಮಿಳುನಾಡಿನ ಎರ್ವಾಡಿಯಲ್ಲಿ, ಅದರ ಹಿಂದಿನ ವರ್ಷ ಆಗಸ್ಟ್ 6ರಂದು, ಸರಪಳಿ ಹಾಕಿ ಕಟ್ಟಿದ್ದ 28 ಜನ ಬೆಂಕಿಗೆ ಸಿಕ್ಕಿ ಸತ್ತರು. ಎರಡೂ ನಿಜ. ಆಸರೆ ಬೇಕು, ಸರಪಳಿ ಬೇಡ.

ಹೀಗೆ ದಾರಿ ಹುಡುಕಿಕೊಟ್ಟದ್ದು ನಮ್ಮ ರಾಜ್ಯ. ದಾರಿ ತೋರಿದ ಮನೆಯಲ್ಲೇ ದೀಪದ ಬುಡ ಕತ್ತಲು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ದೊಡ್ಡ ಸಮೀಕ್ಷೆ ಮಾಡಿದಾಗ, ವಯಸ್ಕರಲ್ಲಿ ನೂರಕ್ಕೆ 10.6 ಜನಕ್ಕೆ ಆ ಹೊತ್ತಿನಲ್ಲಿ ಯಾವುದಾದರೂ ಮಾನಸಿಕ ಕಾಯಿಲೆ ಇತ್ತು. ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಜನಕ್ಕೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಆ 12ರಲ್ಲಿ ಕರ್ನಾಟಕ ಇರಲಿಲ್ಲ, ನಮ್ಮ ಲೆಕ್ಕ ಬೇರೆ ಇರಬಹುದು. ಸಾಲಲ್ಲಿ ನಿಂತಾಗ ಬೇರೆ ಅಂತ ಅನ್ನಿಸುವುದಿಲ್ಲ.

ಕಾನೂನೂ ನಮ್ಮ ಕಡೆಗೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಈ ಮಾತ್ರೆಗಳನ್ನು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಕೊಡಬೇಕು. 'ಎಲ್ಲ ಸಮಯದಲ್ಲೂ' ಅಂತ ಇದೆ. ಸ್ಟಾಕ್ ಇದ್ದಾಗ ಅಂತ ಇಲ್ಲ.

ಟೆಲಿ ಮಾನಸ್‌ಗೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ, ನಾನೇ ಒಂದು ರಾತ್ರಿ ಫೋನ್ ಮಾಡಿದ್ದೆ. ತಮ್ಮ ಅಂಗಳದಲ್ಲಿ ಓಡಾಡುತ್ತಿದ್ದ, ನಾನು ಒಳಗೆ ಬಾಗಿಲು ಹಾಕಿಕೊಂಡಿದ್ದೆ. ಒಬ್ಬ ಹೆಣ್ಣುಮಗಳು ಕನ್ನಡದಲ್ಲಿ, ಆತುರ ಇಲ್ಲದೆ ಮಾತಾಡಿದಳು. ಅವನ ಜೊತೆ ವಾದ ಮಾಡಬೇಡಿ, ಕತ್ತಿ ಮಚ್ಚು ಎತ್ತಿಡಿ, ನೀವು ಸ್ವಲ್ಪ ನೀರು ಕುಡಿಯಿರಿ ಅಂದಳು. ನೀರು ಕುಡಿಯಿರಿ ಅಂತ ನನಗೆ ಯಾರೂ ಹೇಳಿರಲಿಲ್ಲ. ಬದುಕಿಕೊಂಡೆ. ಆದರೆ ಫೋನಿನಲ್ಲಿ ಮಾತ್ರೆ ಕಳಿಸಲು ಅವಳಿಗೂ ಆಗುವುದಿಲ್ಲ.

ಈಗ ನಾನು ಕೇಳುವುದು. ನಮ್ಮ ಸಂಘಕ್ಕೆ ಹಾಲಿನ ವ್ಯಾನು ದಿನಕ್ಕೆ ಎರಡು ಸಲ ಬರುತ್ತದೆ. ಮಳೆ ಬಂದರೂ, ಬಂದ್ ಇದ್ದರೂ ಬರುತ್ತದೆ, ಯಾಕೆಂದರೆ ಹಾಲು ಕಾಯುವುದಿಲ್ಲ. ಪಶು ಆಹಾರದ ಮೂಟೆ ಹದಿನೈದಕ್ಕೆ ಇಳಿದರೆ ನಾನು ಇಂಡೆಂಟ್ ಹಾಕುತ್ತೇನೆ, ಮುಗಿಯುವ ತನಕ ಕಾಯುವುದಿಲ್ಲ. ಇಷ್ಟು ಬುದ್ಧಿ ಪಿ.ಯು.ಸಿ. ಓದಿದ ನನಗಿದೆ. ಜ್ವರ, ಕೆಮ್ಮಿನ ಮಾತ್ರೆಗೆ ಮುಂಚೆಯೇ ಲೆಕ್ಕ ಹಾಕುವುದು ಕಷ್ಟ, ಯಾವ ತಿಂಗಳು ಎಷ್ಟು ಜನ ಬರುತ್ತಾರೆ ಅಂತ ಹೇಳಲಾಗದು. ನಮ್ಮ ಮಾತ್ರೆಗೆ ಲೆಕ್ಕ ಬಹಳ ಸುಲಭ. ಅದೇ ಜನ, ಅದೇ ಮಾತ್ರೆ, ಅದೇ ಸಂಖ್ಯೆ, ವರ್ಷಗಟ್ಟಲೆ. ಹೆಸರು ಬರೆದ ರಿಜಿಸ್ಟರ್ ಆ ಟೇಬಲ್ ಮೇಲೇ ಇರುತ್ತದೆ. ಆ ರಿಜಿಸ್ಟರ್ ಎಣಿಸಿ ಮೂರು ತಿಂಗಳ ಮಾತ್ರೆ ಯಾವಾಗಲೂ ಕೈಯಲ್ಲಿ ಇರಬೇಕು, ಅದಕ್ಕಿಂತ ಇಳಿದರೆ ಜಿಲ್ಲೆಯಲ್ಲಿ ಯಾರಾದರೂ ಒಬ್ಬರು ಹೆಸರಿಟ್ಟು ಉತ್ತರ ಕೊಡಬೇಕು ಅಂತ ಒಂದು ಆದೇಶ ಮಾಡಿ. ಎಷ್ಟು ದಿನ ಯಾವ ಮಾತ್ರೆ ಇರಲಿಲ್ಲ ಅನ್ನುವುದನ್ನು ಆಸ್ಪತ್ರೆಯ ಗೋಡೆಗೇ ಹಾಕಿಸಿ.

ಕಾನೂನು ಸಮುದಾಯ ಆರೋಗ್ಯ ಕೇಂದ್ರದ ತನಕ ಅಂದಿದೆ, ನೀವು ಒಂದು ಮೆಟ್ಟಿಲು ಕೆಳಗೆ ಇಳಿಸಿ. ಬಳ್ಳಾರಿಯಲ್ಲಿ 1985ರಲ್ಲಿ ಆದದ್ದು ಈಗ ಯಾಕೆ ಆಗಬಾರದು? ನಮ್ಮೂರಿನ ಪಿ.ಎಚ್.ಸಿ. ಒಂದೂವರೆ ಕಿಲೋಮೀಟರ್ ದೂರ, ತಮ್ಮ ನಡೆದೇ ಹೋಗುತ್ತಾನೆ. ಮನೋವೈದ್ಯರು ಒಮ್ಮೆ ಬರೆದುಕೊಟ್ಟ ಮಾತ್ರೆಯನ್ನು ತಿಂಗಳು ತಿಂಗಳು ಅಲ್ಲೇ ಕೊಡಲಿ. ಅಲ್ಲಿನ ಡಾಕ್ಟರಿಗೆ ಧೈರ್ಯ ಸಾಲದಿದ್ದರೆ, ನಿಮ್ಹಾನ್ಸ್‌ನವರು ವಿಡಿಯೋದಲ್ಲಿ ಅವರ ಪಕ್ಕವೇ ಕೂತ ಹಾಗೆ, ಅವರದೇ ರೋಗಿಗಳನ್ನು ನೋಡುತ್ತಾ ಕಲಿಸುವ ಪದ್ಧತಿಯನ್ನು ಮಂಡ್ಯ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದಾರೆ. ಮಾತ್ರೆ ನುಂಗಲು ಒಲ್ಲದವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಫ್ಲುಫೆನಜಿನ್ ಥರದ ಹಳೇ, ಅಗ್ಗದ ಇಂಜೆಕ್ಷನ್ ಇದೆ. ಸಿಸ್ಟರ್ ಕೊಡಬಹುದು. ಆಶಾ ಅಕ್ಕನವರು ಬಾಣಂತಿಯರ ಮನೆಗೆ ಹೋಗುವಂತೆ ನಮ್ಮ ಮನೆಗೂ ತಿಂಗಳಿಗೊಮ್ಮೆ ಬರಲಿ. ಸುಮ್ಮನೆ ಬರಲಿ ಅಂತಲ್ಲ, ಆ ಭೇಟಿಗೂ ದುಡ್ಡು ಕೊಡಿ. ಈಗಾಗಲೇ ಅವರ ಮೇಲೆ ಹೇರಿರುವುದೇ ಜಾಸ್ತಿ.

ಮತ್ತೆ, ಒಂದು ತೂಕದ ಯಂತ್ರ. ಆಸ್ಪತ್ರೆಯ ಕಾರಿಡಾರಿನಲ್ಲಿ ಅದು ಇದೆ, ಮೇಲೆ ಫೈಲುಗಳ ಕಟ್ಟು ಇಟ್ಟಿರುತ್ತಾರೆ. ಈ ಮಾತ್ರೆಗಳಿಂದ ತೂಕ, ಸಕ್ಕರೆ ಏರುತ್ತದೆ ಅಂತ ಎಲ್ಲರಿಗೂ ಗೊತ್ತು. ತೂಕ ಏರದಂತೆ ಮೆಟ್‌ಫಾರ್ಮಿನ್ ಅನ್ನು ಯಾರಿಗೆ, ಯಾವಾಗ ಮೊದಲೇ ಕೊಡಬಹುದು ಅಂತ ಈಚೆಗೆ ಹೊರದೇಶದ ತಜ್ಞರು ಮಾರ್ಗಸೂಚಿಯನ್ನೇ ಮಾಡಿದ್ದಾರೆ. ನಮ್ಮ ಪಿ.ಎಚ್.ಸಿ.ಯಲ್ಲಿ ಸಕ್ಕರೆ ಕಾಯಿಲೆಯವರಿಗೆ ದಿನಾ ಕೊಡುವ ಅದೇ ಮಾತ್ರೆ. ತಮ್ಮನಿಗೆ ಬೇಕೋ ಬೇಡವೋ ಅಂತ ಡಾಕ್ಟರು ಹೇಳಲಿ. ಹೇಳಬೇಕಾದರೆ ಮೊದಲು ತೂಕ ನೋಡಬೇಕಲ್ಲ. ನಾನು ಪ್ರತಿ ಕ್ಯಾನಿನ ಹಾಲನ್ನು ದಿನಕ್ಕೆ ಎರಡು ಸಲ ಅಳೆಯುತ್ತೇನೆ. 19 ವರ್ಷದಲ್ಲಿ ನನ್ನ ತಮ್ಮನನ್ನು ಆಸ್ಪತ್ರೆಯಲ್ಲಿ ತೂಗಿದ್ದು ಎರಡು ಸಲ.

ಈ ಪತ್ರವನ್ನು ಅವನಿಗೆ ಓದಿ ಹೇಳಿದೆ. ಕಾಫಿ ಲೋಟದ ಸಾಲು ತೆಗೆದುಬಿಡು ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಇರಲಿ ಬಿಡು, ಆದದ್ದೇ ಅಲ್ವಾ ಅಂದ. ಇವತ್ತಿನ ಚೌಕದಲ್ಲಿ 370 ಅಂತ ಬರೆದಿದ್ದೇನೆ. ಡಬ್ಬಿಯಲ್ಲಿ ಇನ್ನು ಆರು ಮಾತ್ರೆ ಇವೆ. ಬರುವ ಮಂಗಳವಾರ ಬೆಳಿಗ್ಗೆ ಏಳೂವರೆ ಬಸ್ಸಿಗೆ ನಾವಿಬ್ಬರೂ ಹೊರಡುತ್ತೇವೆ.

ಇಂತಿ,
ತೆಂಗಿನ ಸೀಮೆಯ ಒಬ್ಬ ಅಕ್ಕ